ಮದ್ದು ಒಗ್ಗಲಿಲ್ಲ, ಆದರೂ ಮದ್ದೇ ಬೇಕಿತ್ತು

ಹಾವು ಕಚ್ಚಿ ಬದುಕಿದವಳು ಅಂತ ಗೊತ್ತಾದ ಕೂಡಲೇ ಜನ ಹಾವಿನ ವಿಷಯವನ್ನೇ ಕೇಳುತ್ತಾರೆ. ಎಷ್ಟುದ್ದ ಇತ್ತು, ಹೊಡೆದು ಹಾಕಿದರಾ, ಈಗಲೂ ಕನಸಲ್ಲಿ ಬರುತ್ತಾ. ಹಾವಿನ ಬಗ್ಗೆ ಹೇಳೋಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ, ನೆಟ್ಟಗೆ ನೋಡಿದ್ದೇ ಒಂದು ಗಳಿಗೆ. ನನ್ನ ಕಥೆಯ ಮುಕ್ಕಾಲು ಪಾಲು ವಿಷಕ್ಕೆ ಕೊಟ್ಟ ಮದ್ದಿನದು. ಆ ಮದ್ದು ನನ್ನ ಮೈಗೆ ಎರಡು ಸಲ ತಿರುಗಿಬಿತ್ತು. ಒಂದು ಸಲ ಆಸ್ಪತ್ರೆಯ ಮಂಚದ ಮೇಲೆ, ಇನ್ನೊಂದು ಸಲ ಮನೆಗೆ ಬಂದು ಎಲ್ಲ ಮುಗಿಯಿತು ಅಂದುಕೊಂಡ ಮೇಲೆ. ನನ್ನನ್ನು ಉಳಿಸಿದ್ದೂ ಅದೇ ಮದ್ದು. ಎರಡೂ ಒಟ್ಟಿಗೆ ನಿಜವಾಗಿರಬಹುದು ಅನ್ನೋದನ್ನು ನಮ್ಮ ಮನೆಯವರಿಗೆ ಒಪ್ಪಿಸೋದು ಹಾವಿನ ವಿಷ ಇಳಿಸೋದಕ್ಕಿಂತ ಕಷ್ಟವಾಯಿತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ, ಎರಡು ಸೀಮೆ ಹಸು. ಆವತ್ತು ಹುಳು ನಾಲ್ಕನೇ ಜ್ವರ (ಪೊರೆ ಬಿಡುವಾಗಿನ ನಿದ್ದೆ) ಎದ್ದು ಜೋರಾಗಿ ಮೇಯುತ್ತಿದ್ದ ಸಮಯ. ಆಗ ಎಷ್ಟು ಸೊಪ್ಪು ಹಾಕಿದರೂ ಸಾಲದು, ಬಿಸಿಲೇರಿದ ಮೇಲೆ ಕತ್ತರಿಸಿದರೆ ಬಾಡುತ್ತದೆ ಅಂತ ಇನ್ನೂ ಮಬ್ಬು ಇರುವಾಗಲೇ ತೋಟಕ್ಕೆ ಇಳಿಯುವುದು ನಮ್ಮ ಕಡೆ ರೂಢಿ. ಕಡ್ಡಿ ಕತ್ತರಿಸುತ್ತಾ ಸಾಲಿನೊಳಗೆ ಹೋಗುವಾಗ, ವಿಷಲ್ ಹೊಡೆಯುವ ಮುಂಚೆ ಕುಕ್ಕರ್ ಬುಸುಗುಟ್ಟುತ್ತದಲ್ಲ, ಆ ಥರ ಸದ್ದು ಬಂತು. ಏನು ಅಂತ ನೋಡುವಷ್ಟರಲ್ಲಿ ಎಡಗಾಲಿನ ಹರಡಿನ ಹತ್ತಿರ ಬೆಂಕಿ ಇಟ್ಟಂಗಾಯಿತು. ದಪ್ಪ ಮೈ, ಬೆನ್ನ ಮೇಲೆ ಸರಪಣಿ ಥರದ ಮಚ್ಚೆ. ಓಡಿಬಂದ ನಮ್ಮತ್ತೆ, "ಅಯ್ಯೋ, ರಕ್ತಪಿಂಜರಿ" ಅಂತ ಕೂಗಿಕೊಂಡರು. ತೆಲುಗು ಸೇರಿದ ನಮ್ಮ ಸೀಮೆಯಲ್ಲಿ ಕೊಳಕುಮಂಡಲಕ್ಕೆ ಹಾಗೆ ಅನ್ನುತ್ತಾರೆ.

ಯಾರೋ ಟವೆಲ್ ಬಿಗಿಯೋಕೆ ಬಂದರು. ನನ್ನ ಮೈದುನ ಅಷ್ಟರಲ್ಲಿ 108ಕ್ಕೆ ಫೋನ್ ಮಾಡಿ ಕಿವಿಗೆ ಇಟ್ಟುಕೊಂಡಿದ್ದ. "ಕಟ್ಟಬೇಡಿ, ಕುಯ್ಯಬೇಡಿ, ಕಾಲು ಅಲ್ಲಾಡಿಸಬೇಡಿ ಅಂತಾವ್ರೆ" ಅಂತ ಎಲ್ಲರನ್ನೂ ದೂರ ಸರಿಸಿದ. ಆಂಬುಲೆನ್ಸ್ ಇನ್ನೊಂದು ಕಡೆಯಿಂದ ಬರಬೇಕಿತ್ತು, ಪಕ್ಕದ ಮನೆಯವರ ಟಾಟಾ ಏಸ್ ಬಾಗಿಲಲ್ಲೇ ನಿಂತಿತ್ತು. ಗೂಡು ಸಾಗಿಸುವ ಗಾಡಿಯಲ್ಲಿ ನನ್ನನ್ನು ಮಲಗಿಸಿಕೊಂಡು ಹೊರಟರು.

ದಾರಿಯಲ್ಲಿ ಸಿಕ್ಕ ಒಂದು ಖಾಸಗಿ ಆಸ್ಪತ್ರೆಗೆ ಮೊದಲು ಹೋದೆವು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಹಾವಿನ ಮದ್ದು ಇತ್ತು. ನನ್ನ ಮುಂಗೈಯ ಚರ್ಮದಡಿ ಒಂದು ಹನಿ ಚುಚ್ಚಿ, "ಟೆಸ್ಟ್ ಡೋಸ್, ಸ್ವಲ್ಪ ಹೊತ್ತು ಕಾಯಿರಿ" ಅಂದರು. ಚುಚ್ಚಿದ ಜಾಗ ಕೆಂಪಗೆ ಉಬ್ಬಿತು. ವೈದ್ಯರು ಅದನ್ನು ನೋಡಿ, "ಅಲರ್ಜಿ ಇದೆ, ನಾನು ರಿಸ್ಕ್ ತಗೊಳ್ಳಲ್ಲ, ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋಗಿ" ಅಂತ ಅಲರ್ಜಿಗೆ ಒಂದು ಅವಿಲ್, ತೋಳಿಗೊಂದು ಟಿಟಿ ಕೊಟ್ಟು ಕಳಿಸಿದರು. ಹೊತ್ತು ಹೋಗಿದ್ದಷ್ಟೇ ಅಲ್ಲ, "ಇವಳಿಗೆ ಹಾವಿನ ಮದ್ದು ಅಲರ್ಜಿ" ಅನ್ನೋ ಮಾತು ನಮ್ಮ ಯಜಮಾನರ ತಲೆಯಲ್ಲಿ ಕೂತುಬಿಟ್ಟಿತು. ಅದರ ಫಲ ಇನ್ನೊಂದು ಗಂಟೆಯಲ್ಲಿ ಕಾಣಿಸಿತು.

ಜಿಲ್ಲಾ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಒಬ್ಬ ಹೆಣ್ಣುಮಗಳು. ಕಾಲಿನ ಬಾವು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೆದರು. ಹಲ್ಲಿನ ವಸಡು ನೋಡಿದರು, ಆಗಲೇ ಅಲ್ಲಿ ರಕ್ತ ಜಿನುಗುತ್ತಿತ್ತು. ಆಮೇಲೆ ಒಂದು ಗಾಜಿನ ಟ್ಯೂಬಿಗೆ ನನ್ನ ರಕ್ತ ಸ್ವಲ್ಪ ತೆಗೆದು ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿ ಇಟ್ಟು, ಯಾರೂ ಮುಟ್ಟಬಾರದು ಅಂದರು. 20 ನಿಮಿಷ ಬಿಟ್ಟು ಟ್ಯೂಬನ್ನು ಓರೆ ಮಾಡುವುದು, ರಕ್ತ ಗಟ್ಟಿಯಾಗಿ ನಿಂತರೆ ಸರಿ, ಹರಿದರೆ ವಿಷ ಏರಿದೆ ಅಂತ. ಟ್ಯೂಬು ಹೊಸದಾಗಿರಬೇಕು, ಒಣಗಿರಬೇಕು, ಗಾಜಿನದೇ ಆಗಬೇಕು. ಪ್ಲಾಸ್ಟಿಕ್‌ನಲ್ಲೋ ಸೋಪು ಹಾಕಿ ತೊಳೆದದ್ದರಲ್ಲೋ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದಂತೆ. ಇಷ್ಟು ದೊಡ್ಡ ತೀರ್ಮಾನಕ್ಕೆ ಇಷ್ಟು ಸಾದಾ ಪರೀಕ್ಷೆಯಾ ಅಂತ ನನಗೆ ಆ ನೋವಿನಲ್ಲೂ ಆಶ್ಚರ್ಯವಾಯಿತು.

ಕಾಯುವ ಹೊತ್ತಿನಲ್ಲಿ ಅವರು ಕೇಳಿದ ಪ್ರಶ್ನೆಗಳು ನನಗೆ ವಿಚಿತ್ರವಾಗಿ ಕಂಡವು. ಹಿಂದೆ ಯಾವಾಗಲಾದರೂ ಹಾವಿನ ಮದ್ದು ತಗೊಂಡಿದ್ದೀರಾ? ನಾಯಿ ಕಚ್ಚಿ ಸೀರಂ ಕೊಟ್ಟಿದ್ದಾರಾ? ದಮ್ಮು ಇದೆಯಾ? ದಮ್ಮು ಇತ್ತು. ಹುಳು ಮನೆಗೆ ಬ್ಲೀಚಿಂಗ್ ಪುಡಿ, ಸುಣ್ಣ ಹಾಕುವ ದಿನ, ಗೂಡು ಬಿಡಿಸುವ ದಿನ ನನಗೆ ಸೀನು ಹತ್ತಿ ಎದೆ ಗೊರಗೊರ ಅನ್ನುತ್ತದೆ. ರೇಷ್ಮೆ ಕೆಲಸದವರಿಗೆ ಹುಳುವಿನ, ಗೂಡಿನ ಧೂಳಿನಿಂದ ದಮ್ಮು ಬರುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ನಾವು ಮಾತ್ರ ಅದನ್ನು ಕಾಯಿಲೆ ಅಂತಲೇ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಡಾಕ್ಟರ್ ಅದನ್ನು ಬರೆದುಕೊಂಡು ಸಿಸ್ಟರ್ ಕಡೆ ತಿರುಗಿ, "ಅಡ್ರಿನಾಲಿನ್ ಸಿರಿಂಜಿಗೆ ತುಂಬಿ ಟ್ರೇನಲ್ಲಿಡಿ" ಅಂದರು. ಮೈ ಮದ್ದಿಗೆ ತಿರುಗಿಬಿದ್ದರೆ ಕೊಡುವ ಇಂಜೆಕ್ಷನ್ ಅದು.

ನಮ್ಮ ಯಜಮಾನರು ಟೆಸ್ಟ್ ಡೋಸ್ ಕಥೆ ಹೇಳಿದರು. ಡಾಕ್ಟರ್ ನನ್ನ ಮುಂಗೈ ನೋಡಿದರು, ಮುಖದಲ್ಲಿ ಸಿಟ್ಟು ಬಂದು ಹೋಯಿತು. "ಈ ಟೆಸ್ಟಿಗೆ ಅರ್ಥ ಇಲ್ಲ. ಇಲ್ಲಿ ಕೆಂಪಾಗದೇ ಇದ್ದವರಿಗೂ ದೊಡ್ಡ ರಿಯಾಕ್ಷನ್ ಆಗುತ್ತೆ, ಕೆಂಪಾದವರಿಗೆ ಏನೂ ಆಗದೇ ಇರಬಹುದು. ಮಾಡಬಾರದು ಅಂತಾನೇ ಇದೆ." ಟ್ಯೂಬು ಓರೆ ಮಾಡಿದರು. ರಕ್ತ ನೀರಾಗಿ ಹರಿಯಿತು.

ಹತ್ತು ವಯಲ್. ದೊಡ್ಡವರಿಗೂ ಮಕ್ಕಳಿಗೂ ಅಳತೆ ಒಂದೇ, ಯಾಕೆಂದರೆ ಹಾವು ಬಿಟ್ಟ ವಿಷ ಕಚ್ಚಿಸಿಕೊಂಡವರ ತೂಕ ನೋಡಿ ಬಿಟ್ಟದ್ದಲ್ಲ. ವಯಲ್‌ನಲ್ಲಿ ಇರುವುದು ಬಿಳಿ ಪುಡಿ. ಸಿಸ್ಟರ್ ಅದಕ್ಕೆ ನೀರು ಸೇರಿಸಿ ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸುತ್ತಿದ್ದರು, ಕುಲುಕಿದರೆ ನೊರೆ ಬರುತ್ತದೆ. ಎಲ್ಲ ಸಲೈನಿಗೆ ಸೇರಿಸಿ ಒಂದು ಗಂಟೆಯಲ್ಲಿ ಹೋಗುವ ಹಾಗೆ ಡ್ರಿಪ್ ಬಿಟ್ಟರು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವಾಗ ನಮ್ಮವರ ಕೈ ನಡುಗುತ್ತಿತ್ತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಂಗೈ ತುರಿಸಿತು. ಅಂಗೈ, ಅಂಗಾಲು, ನೆತ್ತಿ. ಇದೇನು ಚಿಕ್ಕ ವಿಷಯ ಅಂತ ನಾನು ಹೇಳಲೋ ಬೇಡವೋ ಅಂತ ಇರುವಾಗಲೇ ಒಣ ಕೆಮ್ಮು ಶುರುವಾಯಿತು. ಹೊಟ್ಟೆ ಹಿಂಡಿತು, ಅಲ್ಲೇ ಬಟ್ಟೆಯಲ್ಲೇ ಆಗಿಬಿಡುತ್ತದೇನೋ ಅನ್ನುವಷ್ಟು ಅವಸರ. ತುಟಿ ದಪ್ಪವಾದಂಗೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂಗೆ. ಇದಕ್ಕೆಲ್ಲ ಮೀರಿ ಒಂದು ಭಯ ಬಂತು. ಹಾವು ಕಚ್ಚಿದಾಗಲೂ ಆ ಭಯ ಬಂದಿರಲಿಲ್ಲ. ಈಗಲೇ ಸಾಯುತ್ತೇನೆ ಅನ್ನೋದು ನನಗೆ ಖಂಡಿತವಾಗಿ ಗೊತ್ತಾಯಿತು. ಆಮೇಲೆ ಡಾಕ್ಟರ್ ಹೇಳಿದರು, ಈ ಥರದ ರಿಯಾಕ್ಷನ್‌ನಲ್ಲಿ ಆ ಭಯವೂ ಒಂದು ಲಕ್ಷಣವಂತೆ, ಬಿಪಿ ಬೀಳುವ ಮುಂಚೆ ಎಷ್ಟೋ ಜನ "ಏನೋ ಆಗ್ತಿದೆ" ಅನ್ನುತ್ತಾರಂತೆ. ಹಾಗಾಗಿ ರೋಗಿ ಹಾಗೆ ಅಂದಾಗ ಸಮಾಧಾನ ಮಾಡುತ್ತಾ ಕೂರಬಾರದು, ಬಿಪಿ ನೋಡಬೇಕು.

ಸಿಸ್ಟರ್ ಡ್ರಿಪ್ ನಿಲ್ಲಿಸಿದರು. ಡಾಕ್ಟರ್ ಬಂದವರೇ ಟ್ರೇನಲ್ಲಿದ್ದ ಸಿರಿಂಜ್ ತಗೊಂಡು ತೊಡೆಯ ಹೊರಭಾಗಕ್ಕೆ ನೇರವಾಗಿ ಚುಚ್ಚಿದರು. ಅರ್ಧ ಮಿಲಿ ಅಡ್ರಿನಾಲಿನ್. ಎದ್ದು ಕೂತರೆ ಉಸಿರಾಡಲು ಹಗುರವಾಗುತ್ತದೆ ಅನ್ನಿಸಿ ಏಳೋಕೆ ಹೋದೆ, ಭುಜ ಒತ್ತಿ ಮಲಗಿಸಿದರು. "ಏಳಬೇಡಿ ಅಮ್ಮಾ, ಬಿಪಿ ಬಿದ್ದಿದೆ, ಈಗ ಎದ್ದರೆ ಹೃದಯಕ್ಕೆ ರಕ್ತಾನೇ ಸಿಗಲ್ಲ." ಮಂಚದ ಕಾಲಿನ ಕಡೆ ಎತ್ತರಿಸಿದರು. ಆಕ್ಸಿಜನ್, ನೆಬುಲೈಸರ್, ಇನ್ನೊಂದು ಕೈಗೆ ಬರೀ ಸಲೈನ್ ಜೋರಾಗಿ. ಐದು ನಿಮಿಷ ಕಳೆದು ಇನ್ನೊಂದು ಅರ್ಧ ಮಿಲಿ.

ಅಡ್ರಿನಾಲಿನ್ ಒಳಗೆ ಹೋದ ಅನುಭವ ಹಿತವಾದದ್ದೇನಲ್ಲ. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ನಡುಗುತ್ತವೆ, ಸುಮ್ಮಸುಮ್ಮನೆ ಅಳು ಬರುತ್ತದೆ. ಆದರೆ ಗಂಟಲು ಬಿಡುತ್ತದೆ. ಅದು ಬಿಡುತ್ತಿರುವುದು ನಿಮಿಷ ನಿಮಿಷಕ್ಕೂ ಗೊತ್ತಾಗುತ್ತದೆ. ಕೆಮ್ಮು ನಿಂತಿತು, ಕಣ್ಣ ಮುಂದಿನ ಮಬ್ಬು ಹರಿಯಿತು, ಬಿಪಿ ಮಿಷಿನ್ನಿನ ಪಟ್ಟಿ ಮತ್ತೆ ಮತ್ತೆ ತೋಳು ಹಿಂಡಿ ಬಿಡುತ್ತಿದ್ದದ್ದು ನೆನಪಿದೆ. ಅವಿಲ್, ಸ್ಟೀರಾಯ್ಡ್ ಎಲ್ಲ ಆಮೇಲೆ ಕೊಟ್ಟರು. ನಮ್ಮ ಕಡೆ ಅಲರ್ಜಿ ಅಂದರೆ ಅವಿಲ್, ಅವಿಲ್ ಅಂದರೆ ಅಲರ್ಜಿ. ಡಾಕ್ಟರ್ ಒಂದೇ ಮಾತಲ್ಲಿ ಮುಗಿಸಿದರು: "ಅವಿಲ್ ತುರಿಕೆಗೆ. ಉಸಿರು, ಬಿಪಿ ಕೈಕೊಟ್ಟಾಗ ಅಡ್ರಿನಾಲಿನ್ನೇ, ಅದೂ ತಡ ಮಾಡದೆ." ಇದನ್ನು ಬರೆಯಲು ಕೂತದ್ದಕ್ಕೆ ಅರ್ಧ ಕಾರಣ ಆ ಮಾತು. ಪೆನಿಸಿಲಿನ್ ಆಗಲಿ, ನೋವಿನ ಇಂಜೆಕ್ಷನ್ ಆಗಲಿ, ಕಣಜದ ಹುಳು ಕಡಿದದ್ದಾಗಲಿ, ಕಡಲೆಕಾಯಿ ಆಗಲಿ, ಮೈಯೆಲ್ಲ ತಿರುಗಿಬೀಳುವ ಈ ಹಂತಕ್ಕೆ ಬಂದ ಮೇಲೆ ಮೊದಲ ಮದ್ದು ಒಂದೇ.

ಒಂದು ಚಿಕ್ಕ ಸಂಗತಿ. ನನ್ನ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲವಲ್ಲ, ಅದಕ್ಕೆ ಅಡ್ರಿನಾಲಿನ್ ಚುಚ್ಚಿದ ತೊಡೆ ಅಂಗೈ ಅಗಲ ಕಪ್ಪುಗಟ್ಟಿತು. ಖಾಸಗಿ ಆಸ್ಪತ್ರೆಯವರು ಟಿಟಿ ಕೊಟ್ಟ ತೋಳು ಕೂಡ. ಮಾಂಸಕ್ಕೆ ಕೊಡುವ ಇಂಜೆಕ್ಷನ್‌ಗಳನ್ನು ಕೊಳಕುಮಂಡಲ ಕಚ್ಚಿದವರಿಗೆ ರಕ್ತ ಸರಿಹೋಗುವ ತನಕ ಮುಂದೂಡುತ್ತಾರಂತೆ. ಟಿಟಿ ಕಾಯಬಹುದಿತ್ತು, ಅಡ್ರಿನಾಲಿನ್ ಕಾಯುವ ಹಾಗಿರಲಿಲ್ಲ.

ನಾನು ಸುಧಾರಿಸಿಕೊಂಡದ್ದೇ ಡಾಕ್ಟರ್ ನಿಲ್ಲಿಸಿದ್ದ ಹಾವಿನ ಮದ್ದಿನ ಡ್ರಿಪ್ ಮತ್ತೆ ಬಿಡೋಕೆ ಹೇಳಿದರು. ನಮ್ಮ ಯಜಮಾನರು ಅಡ್ಡ ನಿಂತರು. "ಬೇಡ ಮೇಡಂ. ಕಣ್ಣಾರೆ ನೋಡಿದೀನಿ. ಮುಂಚೇನೇ ಹೇಳಿದ್ರು ಅಲರ್ಜಿ ಅಂತ. ಬೇರೆ ಮದ್ದು ಕೊಡಿ, ಎಷ್ಟಾದ್ರೂ ಆಗ್ಲಿ ಹೊರಗಿಂದ ತರ್ತೀನಿ."

"ಬೇರೆ ಮದ್ದಿಲ್ಲ" ಅಂದರು ಡಾಕ್ಟರ್. "ನಮ್ಮ ದೇಶದಲ್ಲಿ ಇರೋದು ಇದೊಂದೇ. ಪೆನಿಸಿಲಿನ್ ಒಗ್ಗದಿದ್ದರೆ ಬೇರೆ ಆಂಟಿಬಯೋಟಿಕ್ ಇದೆ, ಇದಕ್ಕೆ ಬದಲಿ ಇಲ್ಲ. ರಿಯಾಕ್ಷನ್ ಆದರೆ ಅದನ್ನ ನಾನು ನಿಭಾಯಿಸ್ತೀನಿ, ನಿಭಾಯಿಸಿದ್ದನ್ನ ನೀವೇ ನೋಡಿದ್ರಿ. ವಿಷ ಒಳಗೇ ಉಳಿದರೆ ಕಿಡ್ನಿ, ಮಿದುಳು, ಎಲ್ಲಿ ರಕ್ತ ಸೋರುತ್ತೋ ನನಗೆ ಗೊತ್ತಿಲ್ಲ."

ನಮ್ಮವರು ಯೋಚಿಸುತ್ತಾ ನಿಂತಾಗ ನಾನೇ ಡ್ರಿಪ್ ಬಿಡಿ ಅಂದೆ. ಧೈರ್ಯದಿಂದಲ್ಲ, ವಸಡಿನ ರಕ್ತದ ರುಚಿ ಬಾಯಲ್ಲಿ ಇನ್ನೂ ಇತ್ತು. ಮೊದಲು ತೀರಾ ನಿಧಾನಕ್ಕೆ ಬಿಟ್ಟರು, ಸಿಸ್ಟರ್ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಸಿರಿಂಜ್ ಮತ್ತೆ ತುಂಬಿ ಟ್ರೇನಲ್ಲಿ ಇತ್ತು. ಈ ಸಲ ಸ್ವಲ್ಪ ದದ್ದು, ಸ್ವಲ್ಪ ಚಳಿ, ಅಷ್ಟೇ. ಆರು ಗಂಟೆ ಬಿಟ್ಟು ಗಾಜಿನ ಟ್ಯೂಬಿನ ಪರೀಕ್ಷೆ ಮತ್ತೆ. ವಿಷ ಖರ್ಚು ಮಾಡಿ ಮುಗಿಸಿದ ಹೆಪ್ಪುಗಟ್ಟುವ ಅಂಶಗಳನ್ನು ಲಿವರ್ ಹೊಸದಾಗಿ ಮಾಡಿಕೊಳ್ಳಲು ಅಷ್ಟು ಹೊತ್ತು ಬೇಕಂತೆ. ಆಗಲೂ ರಕ್ತ ಹರಿಯಿತು, ಮತ್ತೆ ಹತ್ತು ವಯಲ್ ಹೋಯಿತು. ಅದರ ಮುಂದಿನ ಸಲ ಟ್ಯೂಬು ಬೋರಲು ಹಾಕಿದರೂ ರಕ್ತ ಅಲ್ಲಾಡಲಿಲ್ಲ. ಸಿಸ್ಟರ್ ಅದನ್ನು ನನಗೆ ತೋರಿಸಲೆಂದೇ ಮಂಚದ ಹತ್ತಿರ ತಂದರು.

ಉಳಿದ ದಿನಗಳಲ್ಲಿ ಹೇಳುವಂಥದ್ದು ಕಮ್ಮಿ. ಮೂತ್ರ ಅಳೆಯುವುದು, ಕಾಲಿನ ಗೆರೆ ನೋಡುವುದು, ರಕ್ತ ಪರೀಕ್ಷೆ. ಅತ್ತ ಹುಳು ಹಣ್ಣಾಗಿ, ಊರಿನವರೆಲ್ಲ ಸೇರಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರಂತೆ. ಮದ್ದಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನನ್ನ ಹೆಸರು ಒಂದು ಫಾರ್ಮಿನಲ್ಲೂ ಹೋಯಿತು, ಯಾಕೆಂದರೆ 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಮಲಗಿಕೊಂಡು ಮಾಡೋಕೆ ಬೇರೆ ಕೆಲಸವಿಲ್ಲದಾಗ ರೌಂಡ್ಸಿಗೆ ಬರುತ್ತಿದ್ದ ಒಬ್ಬ ಹುಡುಗನನ್ನು ಕೇಳಿದೆ. ಹೌಸ್ ಸರ್ಜನ್, ಕನ್ನಡ ಚೆನ್ನಾಗಿ ಮಾತಾಡುತ್ತಿದ್ದ. ಹಿಂದೆಂದೂ ಮೈಗೆ ಹೋಗದ ಮದ್ದು ಮೊದಲ ಸಲಕ್ಕೇ ಯಾಕೆ ಹೀಗೆ ಮಾಡಿತು? ಅವನು ಮಂಚದ ಅಂಚಿಗೆ ಒರಗಿ ಹೇಳಿದ. ತಮಿಳುನಾಡಿನಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘವಿದೆ, 1978ರಲ್ಲಿ ಶುರುವಾದದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷ ಹೆಚ್ಚಾಗಿ ಅಲ್ಲಿಂದಲೇ ಮದ್ದಿನ ಕಂಪನಿಗಳಿಗೆ ಬರುತ್ತದೆ. ಆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಕೊಡುತ್ತಾರೆ. ಕುದುರೆಯ ಮೈ ಅದಕ್ಕೆ ಎದುರಾಗಿ ಪ್ರತಿಕಾಯ ಮಾಡಿಕೊಳ್ಳುತ್ತದೆ, ಅದನ್ನು ರಕ್ತದಿಂದ ಬೇರ್ಪಡಿಸಿ ಶುದ್ಧ ಮಾಡಿ ಪುಡಿ ಮಾಡಿದ್ದೇ ನನಗೆ ಕೊಟ್ಟ ಮದ್ದು. ಎಷ್ಟು ಶುದ್ಧ ಮಾಡಿದರೂ ಅದು ಕುದುರೆಯ ಪ್ರೋಟೀನು. ಅಷ್ಟು ಪ್ರಮಾಣದ ಹೊರಗಿನ ಪ್ರೋಟೀನು ಒಟ್ಟಿಗೆ ರಕ್ತಕ್ಕೆ ಬಿದ್ದಾಗ, ಮೈಯ ಕಾವಲು ವ್ಯವಸ್ಥೆ ನೇರವಾಗಿಯೇ ಕೆರಳಬಹುದು. ಪೆನಿಸಿಲಿನ್ ಥರ ಮೊದಲೊಂದು ಸಲ ಪರಿಚಯ ಆಗಿರಬೇಕು ಅಂತೇನಿಲ್ಲ. ಚರ್ಮದ ಟೆಸ್ಟ್ ಸುಳ್ಳು ಹೇಳುವುದಕ್ಕೂ ಅದೇ ಕಾರಣ.

ಆಮೇಲೆ ನಾನೇ ಹುಡುಕಿ ಓದಿದ್ದು: ಶ್ರೀಲಂಕಾದಲ್ಲಿ ಹಾವು ಕಚ್ಚಿದ 1,007 ಮಂದಿಯ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಮುಕ್ಕಾಲು ಪಾಲು ಜನಕ್ಕೆ ಈ ಮದ್ದಿನಿಂದ ಒಂದಲ್ಲ ಒಂದು ರಿಯಾಕ್ಷನ್ ಆಗಿತ್ತು. ಮದ್ದಿಗೆ ಮುಂಚೆಯೇ ಚರ್ಮದಡಿ ಸ್ವಲ್ಪ ಅಡ್ರಿನಾಲಿನ್ ಕೊಟ್ಟವರಲ್ಲಿ ತೀವ್ರ ರಿಯಾಕ್ಷನ್ ಕಮ್ಮಿಯಾಯಿತು, ಮುಂಚೆಯೇ ಅಲರ್ಜಿ ಇಂಜೆಕ್ಷನ್ನೋ ಸ್ಟೀರಾಯ್ಡೋ ಕೊಟ್ಟದ್ದರಿಂದ ಅಂಥ ಪ್ರಯೋಜನ ಕಾಣಲಿಲ್ಲ. ಹಾಗಂದರೆ ನನಗೆ ಆದದ್ದು ನನ್ನ ಮೈಯ ದೋಷವಲ್ಲ, ಆ ಮದ್ದಿನ ಸ್ವಭಾವ. ಅದನ್ನು ಓದಿದ ದಿನ ನನಗೆ ಎಷ್ಟೋ ಹಗುರವಾಯಿತು.

ಮನೆಗೆ ಬಂದೆ. ಕಾಲಿನ ಬಾವು ಇಳಿಯುತ್ತಿತ್ತು, ಹೊಸ್ತಿಲವರೆಗೆ ನಡೆಯುತ್ತಿದ್ದೆ. ಮದ್ದು ಕೊಟ್ಟು ಒಂದು ವಾರ ಆಗಿರಬಹುದು, ಒಂದು ರಾತ್ರಿ ಸೊಂಟದ ಸುತ್ತ ತುರಿಕೆ ಎದ್ದಿತು. ಬೆಳಗ್ಗೆ ಅಷ್ಟಗಲ ದದ್ದುಗಳು, ಜ್ವರ. ಸಂಜೆಯ ಹೊತ್ತಿಗೆ ಬೆರಳ ಗಿಣ್ಣು, ಮಣಿಕಟ್ಟು, ಮೊಣಕಾಲು ಎಲ್ಲ ಬಾತು, ಲೋಟ ಹಿಡಿಯೋಕೆ ಆಗಲಿಲ್ಲ. ದವಡೆ ನೋವಿಗೆ ಮುದ್ದೆ ನುಂಗುವುದೂ ಕಷ್ಟ. ಕತ್ತಿನಲ್ಲಿ, ಕಂಕುಳಲ್ಲಿ ಗಂಟು ಸಿಗುತ್ತಿದ್ದವು.

ಮನೆಯಲ್ಲಿ ತೀರ್ಪು ಕೂಡಲೇ ಆಯಿತು. "ವಿಷ ಪೂರ್ತಿ ಇಳಿದಿಲ್ಲ, ತಿರುಗಿದೆ" ಅಂದರು ಅತ್ತೆ. ಬದನೆಕಾಯಿ ತಿಂದದ್ದಕ್ಕೆ ಅಂತ ಒಬ್ಬರು, ಪಥ್ಯ ಮುರಿದದ್ದಕ್ಕೆ ಅಂತ ಇನ್ನೊಬ್ಬರು. ಸರ್ಪದೋಷ ಇರಬೇಕು, ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬನ್ನಿ ಅಂತ ಮೂರನೆಯವರು. ಬೇರು ಅರೆದು ಕೊಡುವ ಒಬ್ಬರ ಹೆಸರೂ ಬಂತು. ಮೈದುನ ಮೆಡಿಕಲ್ ಸ್ಟೋರಿನಿಂದ ಕೀಲುನೋವಿಗೆ ಅಂತ ಮಾತ್ರೆ ತಂದಿದ್ದ. ಡಿಸ್ಚಾರ್ಜ್ ಚೀಟಿಯಲ್ಲಿ "ಪೇನ್ ಕಿಲ್ಲರ್ ಬೇಡ" ಅಂತ ಬರೆದದ್ದು ನನಗೆ ನೆನಪಿತ್ತು. ಕೊಳಕುಮಂಡಲದ ವಿಷಕ್ಕೆ ಕಿಡ್ನಿ ಮೊದಲೇ ಪೆಟ್ಟು ತಿಂದಿರಬಹುದು, ಅದರ ಮೇಲೆ ಆ ಮಾತ್ರೆಗಳು ಬಿದ್ದರೆ ಇನ್ನೂ ಕಷ್ಟ. ಮಾತ್ರೆ ಹಾಗೇ ಉಳಿಯಿತು. ವಿದುರಾಶ್ವತ್ಥಕ್ಕೆ ಹೋಗೋಣ, ಆದರೆ ಚಿಕ್ಕಬಳ್ಳಾಪುರದ ಮೇಲೆ ಹೋಗೋಣ ಅಂತ ನಾನು ಅತ್ತೆಯ ಜೊತೆ ಒಪ್ಪಂದ ಮಾಡಿಕೊಂಡೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರ್ ಇರಲಿಲ್ಲ, ಹಿರಿಯರೊಬ್ಬರು ಇದ್ದರು. ಚೀಟಿಯಲ್ಲಿ ವಯಲ್ ಲೆಕ್ಕ ನೋಡಿದರು, ತಾರೀಖು ನೋಡಿದರು, ನನ್ನ ಬೆರಳು ಮಡಿಸಿ ನೋಡಿದರು. "ಸೀರಂ ಸಿಕ್‌ನೆಸ್" ಅಂದರು, ಬಹಳ ದಿನದಿಂದ ಪರಿಚಯ ಇರುವವರನ್ನು ಕಂಡ ಧಾಟಿಯಲ್ಲಿ. ಇದು ವಿಷವಲ್ಲ, ವಿಷ ಹೋಗಿ ಎಷ್ಟೋ ದಿನವಾಯಿತು. ಮೈ ಈಗ ಕುದುರೆ ಪ್ರೋಟೀನಿನ ಗುರುತು ಹಿಡಿದು ಅದಕ್ಕೆ ತಾನೇ ಪ್ರತಿಕಾಯ ಮಾಡಿಕೊಂಡಿದೆ. ಅದಕ್ಕೆ ಒಂದು ವಾರದ ಹತ್ತಿರ ಹಿಡಿಯುತ್ತದೆ. ಎರಡೂ ಅಂಟಿಕೊಂಡು ಉಂಟಾದ ಕಣಗಳು ಚರ್ಮದಲ್ಲಿ, ಕೀಲಿನಲ್ಲಿ, ಕೆಲವೊಮ್ಮೆ ಕಿಡ್ನಿಯಲ್ಲಿ ಹೋಗಿ ಕೂರುತ್ತವೆ. ಮದ್ದು ಹೆಚ್ಚು ಹೋದಷ್ಟೂ ಇದು ಬರುವ ಸಂಭವ ಹೆಚ್ಚು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿ, ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಒಂದು ವಾರಕ್ಕೆ, ಜೊತೆಗೆ ತುರಿಕೆ ಮಾತ್ರೆ ಬರೆದರು.

ಅವರಿಗೆ ಕಥೆ ಹೇಳುವ ಹುಮ್ಮಸ್ಸಿತ್ತು. ಗಂಟಲುಮಾರಿ ಬಂದ ಮಕ್ಕಳಿಗೆ ಕುದುರೆಯಿಂದ ತೆಗೆದ ಸೀರಂ ಕೊಡುತ್ತಿದ್ದ ಕಾಲದಲ್ಲಿ, ವಿಯೆನ್ನಾದ ಪಿರ್ಕೆ ಮತ್ತು ಶಿಕ್ ಅನ್ನುವ ಇಬ್ಬರು ಮಕ್ಕಳ ವೈದ್ಯರು ಹೀಗೇ ಕೆಲವು ದಿನ ಬಿಟ್ಟು ಜ್ವರ, ದದ್ದು, ಕೀಲುಬಾವು ಬರುವುದನ್ನು ಕಂಡು 1905ರಲ್ಲಿ ಪುಸ್ತಕವನ್ನೇ ಬರೆದರಂತೆ. ಕಾಯಿಲೆಯಿಂದಲ್ಲ, ಮೈ ತೋರಿಸುವ ಪ್ರತಿಕ್ರಿಯೆಯಿಂದಲೇ ಮನುಷ್ಯ ಮಲಗಬಹುದು ಅನ್ನುವ ತಿಳುವಳಿಕೆ ಬೆಳೆದದ್ದರಲ್ಲಿ ಆ ಮಕ್ಕಳ ಪಾಲು ದೊಡ್ಡದು. ನೂರಕ್ಕೂ ಹೆಚ್ಚು ವರ್ಷದಿಂದ ಗೊತ್ತಿರುವ ಈ ಸಂಗತಿಯನ್ನು ಡಿಸ್ಚಾರ್ಜ್ ದಿನ ನಮಗೆ ಯಾರೂ ಒಂದು ಸಾಲಿನಲ್ಲಿ ಹೇಳಿರಲಿಲ್ಲ. "ವಾರ ಹತ್ತು ದಿನದಲ್ಲಿ ಜ್ವರ, ಕೀಲುಬಾವು ಬಂದರೆ ವಾಪಸ್ ಬನ್ನಿ" ಅಂತ ಚೀಟಿಯಲ್ಲಿ ಅಚ್ಚು ಹಾಕಿಸಿದರೆ ಎಷ್ಟು ಖರ್ಚಾದೀತು? ನನ್ನ ಜಾಗದಲ್ಲಿ ಓದು ಬಾರದ ಹೆಂಗಸು ಇದ್ದಿದ್ದರೆ ಬೇರಿನ ಕಷಾಯಕ್ಕೇ ಹೋಗಿರುತ್ತಿದ್ದಳು. ಎಷ್ಟೋ ಜನ ಹೋಗಿಯೂ ಇರಬೇಕು. ಈ ಕಾಯಿಲೆ ಬಹಳಷ್ಟು ಸಲ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಮಾತ್ರ ಬೇರಿಗೆ ಹೋಗುತ್ತದೆ.

ಮಾತ್ರೆ ಶುರುಮಾಡಿದ ಮಾರನೇ ದಿನವೇ ಬೆರಳು ಮಡಚಲು ಬಂತು. ವಿದುರಾಶ್ವತ್ಥಕ್ಕೂ ಹೋಗಿಬಂದೆವು. ನನ್ನ ಕೀಲು ಸರಿಹೋದದ್ದು ಯಾವುದರಿಂದ ಅಂತ ನಾನೂ ಅತ್ತೆಯೂ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಕೊನೆಯ ಸಲ ತೋರಿಸೋಕೆ ಹೋದಾಗ ಮೊದಲ ದಿನದ ಡಾಕ್ಟರ್ ಸಿಕ್ಕರು. ನಾನು ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿದ್ದೆ. ಇನ್ನೊಂದು ಸಲ ಹಾವು ಕಚ್ಚಿದರೆ? ಮದ್ದು ಕೊಡಲೇಬೇಕು. ಎರಡನೇ ಸಲ ರಿಯಾಕ್ಷನ್ ಇನ್ನೂ ಜೋರಾಗುವ ಸಂಭವ ಇದೆ, ಅದಕ್ಕೆ ಅಡ್ರಿನಾಲಿನ್ ಕೈಯಲ್ಲಿಟ್ಟುಕೊಂಡೇ ಕೊಡಬೇಕು, ಆದರೆ ಕೊಡದೆ ಕಳಿಸುವಂತಿಲ್ಲ. ನಾಯಿ ಕಚ್ಚಿದರೆ? ಗಾಯ ಆಳವಾಗಿದ್ದಾಗ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಸೀರಂ ಕೂಡ ಕುದುರೆಯದು ಇರುತ್ತದೆ, ಮನುಷ್ಯರ ರಕ್ತದಿಂದ ಮಾಡಿದ್ದೂ ಇದೆ, ಮುಂಚೆಯೇ ಹೇಳಿ. ಬರೀ ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ. ಬೇರೆ ಇಂಜೆಕ್ಷನ್, ಮಾತ್ರೆ? ಸಂಬಂಧವಿಲ್ಲ. ನನ್ನ ಮಗಳು ನಡುವೆ ಬಾಯಿ ಹಾಕಿ, ನಂದಿಬೆಟ್ಟದ ಕಡೆ ಹೋದಾಗ ಅಮ್ಮ ಕುದುರೆ ಹತ್ತಿರ ಹೋಗಬಹುದಾ ಅಂತ ಕೇಳಿದಳು. ಡಾಕ್ಟರ್ ನಕ್ಕು, ಕುದುರೆ ಕೂದಲಿನ ಅಲರ್ಜಿಯೇ ಬೇರೆ, ಅಮ್ಮನಿಗೆ ದಮ್ಮು ಇರೋದರಿಂದ ಲಾಯದೊಳಗೆ ಹೋಗದಿದ್ದರೆ ಸಾಕು ಅಂದರು. ದಮ್ಮಿಗೆ ಇನ್‌ಹೇಲರ್ ಬರೆದುಕೊಟ್ಟದ್ದೂ ಅವತ್ತೇ. ಹಾವು ಕಚ್ಚದಿದ್ದರೆ ಅದನ್ನು ನಾನು ಯಾರಿಗೂ ತೋರಿಸುತ್ತಲೇ ಇರಲಿಲ್ಲ.

ಮದ್ದಿನಿಂದ ತೊಂದರೆಯಾದರೆ ಅದನ್ನು ವರದಿ ಮಾಡಲು ದೇಶದಲ್ಲಿ ಒಂದು ವ್ಯವಸ್ಥೆಯಿದೆ, 2010ರಲ್ಲಿ ಶುರುವಾದದ್ದು. ವೈದ್ಯರೇ ಆಗಬೇಕಿಲ್ಲ, ರೋಗಿಯೂ ಮಾಡಬಹುದು, 1800-180-3024ಕ್ಕೆ ಫೋನ್ ಮಾಡಬಹುದು. ಮದ್ದಿನ ಬ್ಯಾಚ್ ನಂಬರ್ ಕೇಳುತ್ತಾರೆ. ನನ್ನದು ಕೇಸ್ ಶೀಟಿನಲ್ಲಿ ಇತ್ತು, ಆಸ್ಪತ್ರೆಯವರೇ ಕಳಿಸಿದರು. ನಮ್ಮ ಕೈಗೆ ಬರುವ ಚೀಟಿಯಲ್ಲಿ ಆ ನಂಬರ್ ಇರುವುದು ಅಪರೂಪ, ಕೇಳಿ ಬರೆಸಿಕೊಳ್ಳಬೇಕು.

ಡಾಕ್ಟರ್ ಒಂದು ಕಾಗದದಲ್ಲಿ ಮೂರು ಸಾಲು ಬರೆದು ಸೀಲ್ ಹಾಕಿದರು. ಹಾವಿನ ಮದ್ದಿಗೆ ತೀವ್ರ ರಿಯಾಕ್ಷನ್ ಆಗಿದೆ, ಅಡ್ರಿನಾಲಿನ್‌ನಿಂದ ಸರಿಹೋಗಿದೆ. ಅಗತ್ಯ ಬಿದ್ದರೆ ಅದೇ ಮದ್ದು ಕೊಡಲು ಅಡ್ಡಿಯಿಲ್ಲ, ತಯಾರಿ ಬೇಕು. ಕುದುರೆ ಸೀರಂ ಬಿಟ್ಟು ಬೇರೆ ಯಾವ ಮದ್ದಿಗೂ ಅಲರ್ಜಿ ಇಲ್ಲ. ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿ ಆಧಾರ್ ಕಾರ್ಡಿನ ಜೊತೆ ಇಟ್ಟಿದ್ದೇನೆ, ಆಶಾ ಕಾರ್ಯಕರ್ತೆಯ ಫೋನಿನಲ್ಲೂ ಅದರ ಫೋಟೋ ಇದೆ.

ಮೊನ್ನೆ ಜ್ವರ, ಕಫ ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದೆ. ಹಾವಿನ ಕಥೆ ಯಾರೋ ಹೇಳಿದ್ದರು, ಅಲ್ಲಿಯ ಡಾಕ್ಟರ್ ಆಂಟಿಬಯೋಟಿಕ್ ಇಂಜೆಕ್ಷನ್ ಬರೆಯೋಕೆ ಹೋದವರು ಪೆನ್ನು ನಿಲ್ಲಿಸಿ, "ನಿಮಗೆ ಇಂಜೆಕ್ಷನ್ ಅಲರ್ಜಿ ಅಲ್ವಾ, ನೀವು ದೊಡ್ಡಾಸ್ಪತ್ರೆಗೇ ಹೋಗಿ" ಅಂದರು. ಕಾಗದ ತೆಗೆದು ಮೂರನೇ ಸಾಲಿನ ಮೇಲೆ ಬೆರಳಿಟ್ಟೆ. ಓದಿದರು, ಸೀಲ್ ನೋಡಿದರು, ಡ್ರಾಯರಿನಲ್ಲಿ ಅಡ್ರಿನಾಲಿನ್ ಇದೆಯಾ ಅಂತ ಕಾಂಪೌಂಡರನ್ನು ಕೇಳಿ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಏನೂ ಆಗದೇ ಇದ್ದದ್ದಕ್ಕೆ ಮನೆಗೆ ಕಳಿಸಿದರು.